ತೆರವಾದ ಸ್ಥಳೀಯ ಸಂಸ್ಥೆಯ ಸ್ಥಾನಕ್ಕೆ ಮಧ್ಯಂತರ ಸದಸ್ಯರನ್ನು ಆರಿಸುವ ಬಗೆ

ಸ್ಥಳೀಯ ಸಂಸ್ಥೆಯ ಸದಸ್ಯರೊಬ್ಬರು ಅವಧಿ ಮುಗಿಯುವ ಮೊದಲೇ ನಿಧನರಾದಾಗ, ರಾಜೀನಾಮೆ ಕೊಟ್ಟಾಗ ಅಥವಾ ಅನರ್ಹರಾದಾಗ ಆ ಸ್ಥಾನಕ್ಕೆ ಇನ್ನೊಬ್ಬರನ್ನು ತರುವ ಹೊಣೆ ಹಲವು ದೇಶಗಳಲ್ಲಿ ಉಳಿದ ಸದಸ್ಯರ ಮೇಲೆಯೇ ಬೀಳುತ್ತದೆ. ಸಾವಿರಾರು ಮತದಾರರು ಮಾಡಬೇಕಾದ ಆಯ್ಕೆಯನ್ನು ಐದಾರು ಜನ ಒಂದು ಮೇಜಿನ ಸುತ್ತ ಕುಳಿತು ಮಾಡುವ ಪ್ರಸಂಗ ಇದಾದ್ದರಿಂದ, ರಸ್ತೆ ದುರಸ್ತಿಯ ಗುತ್ತಿಗೆಯನ್ನು ಮಂಜೂರು ಮಾಡುವಾಗ ಸಾಕೆನಿಸುವ ಎಚ್ಚರ ಇಲ್ಲಿ ಸಾಲುವುದಿಲ್ಲ. ಉಳಿದ ಸದಸ್ಯರು, ಸಂಸ್ಥೆಯ ಕಾರ್ಯದರ್ಶಿ ಅಥವಾ ಮುಖ್ಯಾಧಿಕಾರಿ, ಅರ್ಜಿ ಹಾಕಬೇಕೆಂದಿರುವವರು ಮತ್ತು ಇದನ್ನೆಲ್ಲ ಹೊರಗಿನಿಂದ ಗಮನಿಸುವ ನಿವಾಸಿಗಳು, ಈ ನಾಲ್ವರಿಗೂ ಉಪಯೋಗಕ್ಕೆ ಬರುವಂತೆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇಡೀ ಲೇಖನದ ಹಿಂದಿರುವ ನಿಲುವು ಒಂದೇ: ಯಾರನ್ನು ಆರಿಸಬೇಕು ಎಂಬ ಚರ್ಚೆ ಶುರುವಾಗುವ ಮೊದಲೇ, ಒಂದು ಹೆಸರೂ ಸಭೆಯ ಮುಂದೆ ಬರುವ ಮುನ್ನವೇ, ಹೇಗೆ ಆರಿಸಬೇಕು ಎಂಬುದು ಬರಹದಲ್ಲಿ ತೀರ್ಮಾನವಾಗಿರಬೇಕು.

ಸ್ಥಾನ ನಿಜಕ್ಕೂ ತೆರವಾಗಿದೆಯೇ?

ಮೊದಲ ಹೆಜ್ಜೆ ಸಣ್ಣದಾಗಿ ಕಂಡರೂ ಇಲ್ಲಿ ಎಡವಿದರೆ ಮುಂದಿನದೆಲ್ಲ ಊರ್ಜಿತವಾಗದೆ ಹೋಗಬಹುದು. ಸದಸ್ಯರು ಸುದ್ದಿಗಾರರ ಮುಂದೆ ರಾಜೀನಾಮೆ ಘೋಷಿಸಿದ ಮಾತ್ರಕ್ಕೆ ಸ್ಥಾನ ತೆರವಾಗುವುದಿಲ್ಲ. ರಾಜೀನಾಮೆಯನ್ನು ಯಾರಿಗೆ ಸಲ್ಲಿಸಬೇಕು, ಅದು ಲಿಖಿತವಾಗಿರಬೇಕೇ, ಸಲ್ಲಿಸಿದ ಕ್ಷಣವೇ ಜಾರಿಗೆ ಬರುತ್ತದೆಯೇ ಅಥವಾ ಅಂಗೀಕಾರವಾದ ಮೇಲೆಯೇ, ನಡುವೆ ಹಿಂಪಡೆಯಲು ಅವಕಾಶವಿದೆಯೇ ಎಂಬುದನ್ನು ಆಯಾ ಕಾಯ್ದೆಯೇ ಹೇಳುತ್ತದೆ. ಅನರ್ಹತೆಯ ಪ್ರಸಂಗಗಳು ಇನ್ನೂ ಸೂಕ್ಷ್ಮವಾದವು. ಇಂಗ್ಲೆಂಡಿನಲ್ಲಿ 1972ರ ಸ್ಥಳೀಯ ಸರ್ಕಾರ ಕಾಯ್ದೆಯ ಪ್ರಕಾರ, ಸದಸ್ಯರೊಬ್ಬರು ಸಂಸ್ಥೆಯು ಒಪ್ಪಿದ ಕಾರಣವಿಲ್ಲದೆ ಸತತ 6 ತಿಂಗಳು ಯಾವ ಸಭೆಗೂ ಬಾರದಿದ್ದರೆ ಸದಸ್ಯತ್ವ ಕಳೆದುಕೊಳ್ಳುತ್ತಾರೆ. ಆದರೆ ಆ 6 ತಿಂಗಳನ್ನು ಯಾವ ಸಭೆಯಿಂದ ಎಣಿಸಬೇಕು, ನಡುವೆ ರಜೆಗೆ ಒಪ್ಪಿಗೆ ದೊರೆತಿತ್ತೇ ಎಂಬುದನ್ನು ಹಾಜರಿ ಪುಸ್ತಕ ಮತ್ತು ನಡವಳಿ ನೋಡಿಯೇ ಹೇಳಬೇಕು. ನ್ಯಾಯಾಲಯದ ಶಿಕ್ಷೆ, ವಾಸಸ್ಥಳದ ಬದಲಾವಣೆ, ಸಂಸ್ಥೆಯೊಂದಿಗೆ ಗುತ್ತಿಗೆ ಸಂಬಂಧ ಮುಂತಾದ ಕಾರಣಗಳಲ್ಲಿ ಮೇಲ್ಮನವಿಯ ಹಾದಿ ತೆರೆದೇ ಇರಬಹುದು. ಅಂಥ ಸಂದರ್ಭದಲ್ಲಿ ಕಾನೂನು ಸಲಹೆಗಾರರ ಲಿಖಿತ ಅಭಿಪ್ರಾಯವಿಲ್ಲದೆ ಮುಂದುವರಿಯಬಾರದು.

ಸ್ಥಾನ ತೆರವಾದ ದಿನಾಂಕವನ್ನು ಠರಾವಿನ ಮೂಲಕ ದಾಖಲಿಸುವುದು ಕಾರ್ಯದರ್ಶಿಯ ಮುಖ್ಯ ಕೆಲಸ, ಏಕೆಂದರೆ ಕಾಯ್ದೆ ಕೊಟ್ಟಿರುವ ಗಡುವು ಸಾಮಾನ್ಯವಾಗಿ ಆ ದಿನದಿಂದಲೇ ಓಡತೊಡಗುತ್ತದೆ. ಸಭೆಗೆ ವಿಷಯ ಬಂದ ದಿನದಿಂದ ಎಣಿಸಿಕೊಂಡು ಎರಡು ವಾರ ಕಳೆದುಕೊಂಡ ಸಂಸ್ಥೆಯು ಕೊನೆಗೆ ಅರ್ಜಿದಾರರಿಗೆ ಕೊಡಬೇಕಾದ ಕಾಲವನ್ನೇ ಕತ್ತರಿಸುತ್ತದೆ.

ಆರಿಸುವ ಅಧಿಕಾರ ಯಾರದು?

ಎಲ್ಲ ಕಡೆ ಉಳಿದ ಸದಸ್ಯರಿಗೆ ಈ ಅಧಿಕಾರ ಇರುವುದಿಲ್ಲ. ಜಗತ್ತಿನ ಸ್ಥಳೀಯ ಆಡಳಿತಗಳಲ್ಲಿ ತೆರವಾದ ಸ್ಥಾನ ತುಂಬುವ ಪದ್ಧತಿಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ನೋಡಬಹುದು: ಉಪಚುನಾವಣೆ, ಉಳಿದ ಸದಸ್ಯರಿಂದ ನೇಮಕ, ಪಕ್ಷದ ಹೆಸರಿಸುವಿಕೆ ಅಥವಾ ಪಟ್ಟಿಯಲ್ಲಿ ಮುಂದಿನವರ ಬಡ್ತಿ, ಮತ್ತು ಹಿಂದಿನ ಚುನಾವಣೆಯ ಮತಪತ್ರಗಳನ್ನೇ ಮತ್ತೆ ಎಣಿಸುವುದು.

ಭಾರತದಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳ ನಂತರ ಪಂಚಾಯಿತಿ ಹಾಗೂ ನಗರಸಭೆಗಳ ಕ್ಷೇತ್ರ ಸ್ಥಾನಗಳು ನೇರ ಚುನಾವಣೆಯಿಂದಲೇ ತುಂಬಬೇಕಾದವು. ಆ ಚುನಾವಣೆಗಳ ಮೇಲ್ವಿಚಾರಣೆ ರಾಜ್ಯ ಚುನಾವಣಾ ಆಯೋಗದ್ದು. ಆದ್ದರಿಂದ ವಾರ್ಡ್ ಸದಸ್ಯರ ಸ್ಥಾನ ತೆರವಾದರೆ ಉಳಿದ ಸದಸ್ಯರು ಸೇರಿ ಯಾರನ್ನೋ ಕೂರಿಸುವಂತಿಲ್ಲ. ಪುರಾಡಳಿತದಲ್ಲಿ ವಿಶೇಷ ಜ್ಞಾನ ಅಥವಾ ಅನುಭವವುಳ್ಳವರನ್ನು ನಗರಸಭೆಗೆ ನಾಮನಿರ್ದೇಶನ ಮಾಡಲು ಸಂವಿಧಾನದ 243ಆರ್ ವಿಧಿ ರಾಜ್ಯಗಳಿಗೆ ಅವಕಾಶ ಕೊಟ್ಟಿದೆಯಾದರೂ ಅಂಥವರಿಗೆ ಸಭೆಯಲ್ಲಿ ಮತ ಹಾಕುವ ಹಕ್ಕಿಲ್ಲ, ಅದು ತೆರವಾದ ಸ್ಥಾನ ತುಂಬುವ ದಾರಿಯೂ ಅಲ್ಲ. ಈ ಎರಡನ್ನು ಬೆರೆಸಿ ಮಾತಾಡುವುದು ಸಾಮಾನ್ಯವಾದ್ದರಿಂದ ಇಷ್ಟು ಹೇಳಬೇಕಾಯಿತು.

ಇಂಗ್ಲೆಂಡಿನ ದೊಡ್ಡ ಸ್ಥಳೀಯ ಸಂಸ್ಥೆಗಳಲ್ಲಿ ಉಪಚುನಾವಣೆಯೇ ನಿಯಮ. ಅಲ್ಲಿನ ಪ್ಯಾರಿಷ್ ಮಟ್ಟದ ಸಣ್ಣ ಸಂಸ್ಥೆಗಳಲ್ಲಿ ಮಾತ್ರ ಬೇರೆ ಏರ್ಪಾಡಿದೆ: ತೆರವಿನ ಪ್ರಕಟಣೆ ಹೊರಟ 14 ಕೆಲಸದ ದಿನಗಳೊಳಗೆ 10 ಮಂದಿ ಮತದಾರರು ಚುನಾವಣೆ ಬೇಕೆಂದು ಬರೆದುಕೊಟ್ಟರೆ ಚುನಾವಣೆ ನಡೆಯಬೇಕು, ಅಷ್ಟು ಮಂದಿ ಕೇಳದಿದ್ದರೆ ಉಳಿದ ಸದಸ್ಯರು ಒಬ್ಬರನ್ನು ಸೇರಿಸಿಕೊಳ್ಳಬಹುದು. ಮೊದಲ ಹಕ್ಕು ಮತದಾರರಿಗೆ, ಅವರು ಸುಮ್ಮನಿದ್ದರೆ ಮಾತ್ರ ಸದಸ್ಯರಿಗೆ ಎಂಬ ಈ ಕ್ರಮ ನನಗೆ ಎಲ್ಲಕ್ಕಿಂತ ಸಮಂಜಸವಾಗಿ ಕಾಣುತ್ತದೆ. ನ್ಯೂಜಿಲೆಂಡಿನಲ್ಲಿ ಮುಂದಿನ ಸಾರ್ವತ್ರಿಕ ಸ್ಥಳೀಯ ಚುನಾವಣೆಗೆ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದಿದ್ದರೆ ಉಪಚುನಾವಣೆ, ಅದಕ್ಕಿಂತ ಕಡಿಮೆಯಿದ್ದರೆ ನೇಮಕ ಮಾಡುವ ಅಥವಾ ಸ್ಥಾನವನ್ನು ಖಾಲಿ ಬಿಡುವ ಆಯ್ಕೆ ಸಂಸ್ಥೆಗೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಸಾಮಾನ್ಯ ಕಾಯ್ದೆಯಡಿ ನಡೆಯುವ ನಗರಗಳ ಪರಿಷತ್ತು 60 ದಿನಗಳೊಳಗೆ ನೇಮಕ ಮಾಡಬೇಕು ಇಲ್ಲವೇ ವಿಶೇಷ ಚುನಾವಣೆ ಕರೆಯಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಗಡುವು 90 ದಿನ, ಅದು ಮೀರಿದರೆ ನೇಮಕದ ಅಧಿಕಾರವೇ ಕೌಂಟಿಯ ಆಡಳಿತಕ್ಕೆ ಹೋಗುತ್ತದೆ.

ಐರ್ಲೆಂಡಿನಲ್ಲಿ ಸ್ಥಾನ ಬಿಟ್ಟವರು ಪಕ್ಷವೊಂದರಿಂದ ಗೆದ್ದಿದ್ದರೆ ಅದೇ ಪಕ್ಷ ಸೂಚಿಸಿದವರನ್ನು ಪರಿಷತ್ತು ಸೇರಿಸಿಕೊಳ್ಳುತ್ತದೆ. ಪಟ್ಟಿ ಪದ್ಧತಿ ಇರುವ ಜರ್ಮನಿಯಂಥ ಕಡೆ ಪಟ್ಟಿಯಲ್ಲಿ ಮುಂದಿರುವವರು ತಾವಾಗಿಯೇ ಬರುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬಹುಸದಸ್ಯ ವಾರ್ಡುಗಳ ತೆರವನ್ನೂ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರದ ತೆರವನ್ನೂ ಹಳೆಯ ಮತಪತ್ರಗಳ ಮರುಎಣಿಕೆಯಿಂದಲೇ ತುಂಬುತ್ತಾರೆ. ಇಂಥ ಕಡೆಗಳಲ್ಲಿ ಸದಸ್ಯರು ಆರಿಸಬೇಕಾದ ಪ್ರಸಂಗವೇ ಬರುವುದಿಲ್ಲ ಅಥವಾ ಅಪರೂಪ. ಮುಂದಿನ ಹೆಜ್ಜೆಗಳು, ಆರಿಸುವ ಅಧಿಕಾರ ಉಳಿದ ಸದಸ್ಯರ ಕೈಗೆ ಬಂದಿರುವ ಸಂಸ್ಥೆಗಳಿಗೆ ಸಂಬಂಧಿಸಿದವು.

ನೇಮಕವೋ, ಚುನಾವಣೆಯೋ, ಖಾಲಿ ಬಿಡುವುದೋ?

ಕಾಯ್ದೆಯು ಆಯ್ಕೆ ಕೊಟ್ಟಿದ್ದರೆ ಈ ಪ್ರಶ್ನೆಯನ್ನು ಪ್ರತ್ಯೇಕ ವಿಷಯವಾಗಿ ಕಾರ್ಯಸೂಚಿಯಲ್ಲಿ ಸೇರಿಸಿ ಬಹಿರಂಗ ಸಭೆಯಲ್ಲಿ ಚರ್ಚಿಸಬೇಕು. ನೋಡಬೇಕಾದ ಅಂಶಗಳು ಮೂರು. ಉಳಿದಿರುವ ಅವಧಿ ಎಷ್ಟು? ಮುಂದಿನ ನಿಗದಿತ ಚುನಾವಣೆಯ ಜೊತೆಗೇ ಈ ಸ್ಥಾನಕ್ಕೂ ಮತದಾನ ನಡೆಸಲು ಸಾಧ್ಯವೇ? ಸ್ಥಾನ ಖಾಲಿಯಿದ್ದರೆ ಬಜೆಟ್ ಅಂಗೀಕಾರದಂಥ ಯಾವ ತೀರ್ಮಾನಗಳಿಗೆ ತೊಡಕಾಗುತ್ತದೆ? ಪ್ರತ್ಯೇಕ ಚುನಾವಣೆಯ ಖರ್ಚನ್ನು ಚುನಾವಣಾ ಅಧಿಕಾರಿಯಿಂದ ಲಿಖಿತ ಅಂದಾಜಾಗಿ ತರಿಸಿಕೊಳ್ಳಬೇಕು. ಖರ್ಚು ಬಹಳವಾಗುತ್ತದೆ ಎಂಬ ಬಾಯಿಮಾತನ್ನು ನೇಮಕ ಬಯಸುವವರು ಎಲ್ಲ ಕಡೆಯೂ ಆಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಅವಧಿ ಉಳಿದಿರುವಾಗ, ಅಥವಾ ಸಂಸ್ಥೆಯು ಎರಡು ಸಮಾನ ಬಣಗಳಾಗಿ ಒಡೆದು ಹೊಸ ಸದಸ್ಯರ ಒಂದು ಮತವೇ ಬಹುಮತವನ್ನು ನಿರ್ಧರಿಸುವಂತಿರುವಾಗ, ಖರ್ಚು ಎಷ್ಟೇ ಆದರೂ ಮತದಾರರ ಬಳಿಗೆ ಹೋಗುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಕೆಲವೇ ತಿಂಗಳು ಉಳಿದಿದ್ದು ಕೋರಂಗೆ ತೊಂದರೆಯಿಲ್ಲದಿದ್ದರೆ ಖಾಲಿ ಬಿಡುವುದರಲ್ಲೂ ತಪ್ಪಿಲ್ಲ, ಆದರೆ ಆ ವಾರ್ಡಿನ ನಿವಾಸಿಗಳ ಅಹವಾಲನ್ನು ಯಾವ ಸದಸ್ಯರು ಕೇಳುತ್ತಾರೆ ಎಂಬುದನ್ನು ಅದೇ ಠರಾವಿನಲ್ಲಿ ಹೇಳಬೇಕು.

ಹೆಸರುಗಳು ಬರುವ ಮುನ್ನ ಮಾನದಂಡ

ನೇಮಕವೇ ಆಗಲಿ ಎಂದು ತೀರ್ಮಾನವಾದ ಸಭೆಯಲ್ಲೇ, ಇಲ್ಲವೇ ಅದರ ಮರುಸಭೆಯಲ್ಲಿ, ಇಡೀ ಕ್ರಮವನ್ನು ಒಂದು ಠರಾವಾಗಿ ಅಂಗೀಕರಿಸಬೇಕು. ಅರ್ಜಿಯ ಕೊನೆಯ ದಿನ, ಸಂದರ್ಶನದ ರೀತಿ, ಮಾನದಂಡ, ಮತದಾನದ ವಿಧಾನ, ಸಮಬಲವಾದರೆ ಮಾಡಬೇಕಾದದ್ದು, ಇವೆಲ್ಲ ಅದರಲ್ಲಿರಬೇಕು. ನ್ಯೂಜಿಲೆಂಡಿನ 2001ರ ಸ್ಥಳೀಯ ಚುನಾವಣಾ ಕಾಯ್ದೆಯು, ನೇಮಿಸಲು ಹೊರಟ ವ್ಯಕ್ತಿಯನ್ನು ಯಾವ ಕ್ರಮ ಅಥವಾ ಮಾನದಂಡದಿಂದ ಆರಿಸಲಾಯಿತು ಎಂಬುದನ್ನು ಸಾರ್ವಜನಿಕ ಪ್ರಕಟಣೆಯಲ್ಲೇ ತಿಳಿಸಬೇಕೆಂದು ವಿಧಿಸಿದೆ. ಹಾಗೆ ವಿಧಿಸದ ಕಡೆಯೂ ಅದನ್ನೇ ಪಾಲಿಸುವುದಕ್ಕೆ ಅಡ್ಡಿಯೇನೂ ಇಲ್ಲ. ಅರ್ಜಿಗಳನ್ನು ತೆರೆದ ಮೇಲೆ ಮಾಡಿದ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಯಾರೋ ಒಬ್ಬರಿಗಾಗಿ ಹೊಲಿದ ಅಂಗಿಯಂತೆ ಕಾಣುತ್ತದೆ.

ಮಾನದಂಡದಲ್ಲಿ ನಾಲ್ಕು ಪ್ರಶ್ನೆಗಳು ಹೆಚ್ಚು ಜಗಳ ಎಬ್ಬಿಸುತ್ತವೆ. ಇವುಗಳನ್ನು ಮೌನವಾಗಿ ದಾಟಿಹೋಗುವುದಕ್ಕಿಂತ ನೇರವಾಗಿ ಎದುರಿಸುವುದು ಒಳ್ಳೆಯದು.

ಮೊದಲನೆಯದು, ಬರುವವರು ಉಳಿದ ಅವಧಿಯನ್ನು ನಡೆಸಿಕೊಟ್ಟು ಹೋಗುವ ಹಂಗಾಮಿಗಳಾಗಿರಬೇಕೇ ಅಥವಾ ಮುಂದಿನ ಚುನಾವಣೆಗೂ ನಿಲ್ಲಬಹುದೇ ಎಂಬುದು. ನೇಮಕಗೊಂಡವರು ಹಾಲಿ ಸದಸ್ಯರೆಂಬ ಹೆಸರಿನೊಂದಿಗೆ ಚುನಾವಣೆಗೆ ಇಳಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಮುಂದೆ ನಿಲ್ಲುವುದಿಲ್ಲ ಎಂದು ಅರ್ಜಿದಾರರು ಕೊಡುವ ಮಾತನ್ನು ಕಾನೂನಿನ ಮೂಲಕ ಜಾರಿಗೊಳಿಸಲು ಸಾಮಾನ್ಯವಾಗಿ ಆಗುವುದಿಲ್ಲ; ಚುನಾವಣೆಗೆ ನಿಲ್ಲುವ ಅರ್ಹತೆಯನ್ನು ಕಾಯ್ದೆ ನಿರ್ಧರಿಸುತ್ತದೆಯೇ ಹೊರತು ಪರಿಷತ್ತಿನ ಠರಾವಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಮತ್ತೆ ಮತದಾರರ ಮುಂದೆ ಹೋಗಬೇಕಾಗಿಲ್ಲದವರಿಗೆ ಯಾರ ಅಂಜಿಕೆಯೂ ಇರುವುದಿಲ್ಲ, ಅದು ಅನುಕೂಲವೂ ಹೌದು, ಅಪಾಯವೂ ಹೌದು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಹಂಗಾಮಿಗಳನ್ನೇ ಬಯಸುವುದು, ಹೆಚ್ಚಿದ್ದರೆ ಈ ಷರತ್ತನ್ನು ಕೈಬಿಡುವುದು ವಿವೇಕವೆನಿಸುತ್ತದೆ. ಏನೇ ಇರಲಿ, ಪ್ರಶ್ನೆಯನ್ನು ಎಲ್ಲ ಅರ್ಜಿದಾರರಿಗೂ ಬಹಿರಂಗವಾಗಿ ಕೇಳಿ ಉತ್ತರವನ್ನು ನಡವಳಿಯಲ್ಲಿ ಬರೆದಿಟ್ಟರೆ, ಮುಂದೆ ಮಾತು ತಪ್ಪಿದವರನ್ನು ಮತದಾರರೇ ವಿಚಾರಿಸಿಕೊಳ್ಳಬಹುದು.

ಎರಡನೆಯದು, ಹಿಂದಿನ ಚುನಾವಣೆಯಲ್ಲಿ ಎರಡನೇ ಸ್ಥಾನ ಪಡೆದವರಿಗೇ ಕೊಡಬೇಕೆಂಬ ಒತ್ತಾಯ. ಮತದಾರರ ಮುಂದೆ ನಿಂತವರು ಎಂಬುದು ಅವರ ಪರವಾದ ಅಂಶ. ಆದರೆ ಒಂದೇ ಸ್ಥಾನದ ವಾರ್ಡಿನಲ್ಲಿ ಎರಡನೆಯವರೆಂದರೆ ಮತದಾರರು ಬೇಡವೆಂದು ಬಿಟ್ಟವರೂ ಹೌದು, ಮತ್ತು ಅವರ ನಿಲುವು ಗೆದ್ದವರ ನಿಲುವಿಗೆ ತದ್ವಿರುದ್ಧವಾಗಿರಬಹುದು. ಒಟ್ಟಾರೆ ಕ್ಷೇತ್ರದಿಂದ ಮೂವರನ್ನೋ ನಾಲ್ವರನ್ನೋ ಆರಿಸುವ ಕಡೆ, ಗೆಲುವಿನ ಅಂಚಿನಲ್ಲಿ ಉಳಿದವರ ವಾದಕ್ಕೆ ಹೆಚ್ಚು ತೂಕವಿದೆ. ಕಾಯ್ದೆಯೇ ಹೇಳದ ಹೊರತು ಇದನ್ನು ಹಕ್ಕೆಂದು ಒಪ್ಪಬೇಕಾಗಿಲ್ಲ. ಪರಿಗಣಿಸಬೇಕಾದ ಅಂಶಗಳಲ್ಲಿ ಒಂದಾಗಿ ಇಟ್ಟುಕೊಂಡರೆ ಸಾಕು.

ಮೂರನೆಯದು ಪಕ್ಷ ಅಥವಾ ಧೋರಣೆಯ ಪ್ರಶ್ನೆ. ಸ್ಥಾನ ಬಿಟ್ಟವರನ್ನು ಮತದಾರರು ಯಾವ ನಿಲುವಿಗಾಗಿ ಗೆಲ್ಲಿಸಿದ್ದರೋ ಅದನ್ನು ಪೂರ್ತಿ ಬುಡಮೇಲು ಮಾಡುವ ಆಯ್ಕೆ ಕಾನೂನಿಗೆ ಒಪ್ಪಿಗೆಯಾದರೂ ಜನರಿಗೆ ಒಪ್ಪಿಗೆಯಾಗದು. ನಾಲ್ಕನೆಯದು, ನಿಧನರಾದವರ ಪತಿ, ಪತ್ನಿ ಅಥವಾ ಮಕ್ಕಳಿಗೇ ಸ್ಥಾನ ಕೊಡಬೇಕೆಂಬ ಅನುಕಂಪದ ಮಾತು. ಅವರೂ ಉಳಿದವರಂತೆ ಅರ್ಜಿ ಹಾಕಿ, ಅದೇ ಪ್ರಶ್ನೆಗಳಿಗೆ ಉತ್ತರಿಸಿ ಬರುವುದಾದರೆ ಆಕ್ಷೇಪವಿಲ್ಲ. ಸ್ಥಾನ ಮನೆತನದ ಆಸ್ತಿಯಲ್ಲವೆಂಬುದನ್ನು ಶೋಕದ ದಿನಗಳಲ್ಲಿ ಹೇಳುವುದು ಕಷ್ಟವಾದ್ದರಿಂದಲೇ, ನಿಯಮವನ್ನು ಹೆಸರು ಬರುವ ಮೊದಲು ಮಾಡಿಡಬೇಕೆನ್ನುವುದು.

ಪ್ರಕಟಣೆ ಮತ್ತು ಅರ್ಜಿ

ಪ್ರಕಟಣೆಯು ಸಂಸ್ಥೆಯ ಸೂಚನಾ ಫಲಕ, ಜಾಲತಾಣ, ಗ್ರಂಥಾಲಯ ಮತ್ತು ಜನ ನಿಜವಾಗಿ ನೋಡುವ ಇತರ ಜಾಗಗಳಲ್ಲಿ ಇರಬೇಕು. ಕಾಯ್ದೆಯ ಗಡುವು ಅವಕಾಶ ಕೊಡುವಷ್ಟರ ಮಟ್ಟಿಗೆ ಎರಡರಿಂದ ಮೂರು ವಾರ ಅರ್ಜಿಗೆ ಬಿಡಬೇಕು, ಏಕೆಂದರೆ ಸದಸ್ಯರ ಹತ್ತಿರದವರಿಗೆ ವಿಷಯ ಮೊದಲೇ ತಿಳಿದಿರುತ್ತದೆ. ನಾಲ್ಕು ದಿನದ ಗಡುವು ಇಟ್ಟರೆ ಅವರಿಗೆ ಮಾತ್ರ ಅರ್ಜಿ ಹಾಕಲು ಸಾಧ್ಯ. ಗೌರವಧನ ಎಷ್ಟು, ತಿಂಗಳಿಗೆ ಎಷ್ಟು ಸಭೆ, ಅವಧಿ ಯಾವಾಗ ಮುಗಿಯುತ್ತದೆ, ಆಸ್ತಿ ವಿವರ ಘೋಷಿಸಬೇಕೇ ಎಂಬುದನ್ನೂ ಪ್ರಕಟಣೆಯಲ್ಲೇ ಹೇಳಿಬಿಟ್ಟರೆ ನಂತರ ಹಿಂದೆ ಸರಿಯುವವರ ಸಂಖ್ಯೆ ಕಡಿಮೆಯಾಗುತ್ತದೆ.

ಅರ್ಜಿ ನಮೂನೆ ಚಿಕ್ಕದಾಗಿರಲಿ. ಅರ್ಹತೆಯನ್ನು ಪರಿಶೀಲಿಸಲು ಬೇಕಾದ ವಿವರ, ಸಾರ್ವಜನಿಕ ಕೆಲಸದ ಅನುಭವ, ಸಂಸ್ಥೆಯೊಂದಿಗೆ ಇರುವ ಹಣಕಾಸಿನ ಸಂಬಂಧ, ಹಾಲಿ ಸದಸ್ಯರೊಂದಿಗೆ ಇರುವ ಬಂಧುತ್ವ ಅಥವಾ ವ್ಯವಹಾರ, ಮತ್ತು ಎರಡು ಮೂರು ಪ್ರಶ್ನೆಗಳಿಗೆ ಒಂದೊಂದು ಪುಟದ ಉತ್ತರ ಇಷ್ಟು ಸಾಕು. ಪದವಿ ಪ್ರಮಾಣಪತ್ರ ಕೇಳುವ ಅಭ್ಯಾಸ ಕೆಲವೆಡೆ ಕಾಣುತ್ತದೆ. ಚುನಾವಣೆಗೆ ಬೇಡದ ವಿದ್ಯಾರ್ಹತೆಯನ್ನು ನೇಮಕಕ್ಕೆ ಹೇರುವುದು ಸಲ್ಲದು. ಅರ್ಜಿಗಳು ಸಾರ್ವಜನಿಕ ದಾಖಲೆಗಳಾಗುತ್ತವೆ ಎಂಬುದನ್ನು ನಮೂನೆಯ ಮೇಲ್ಭಾಗದಲ್ಲೇ ತಿಳಿಸಿ, ಮನೆ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಪ್ರತ್ಯೇಕ ಹಾಳೆಯಲ್ಲಿ ಪಡೆದರೆ ಅವನ್ನು ಬಿಟ್ಟು ಉಳಿದದ್ದನ್ನು ಪ್ರಕಟಿಸಲು ಅನುಕೂಲ.

ಗಡುವು ಮುಗಿದ ಮೇಲೆ ಬಂದ ಅರ್ಜಿಯನ್ನು ಸ್ವೀಕರಿಸಬಾರದು. ಅರ್ಜಿಗಳೇ ಬಾರದಿದ್ದರೆ ಗಡುವನ್ನು ಎಲ್ಲರಿಗೂ ಒಟ್ಟಾಗಿ ವಿಸ್ತರಿಸಿ ಮತ್ತೆ ಪ್ರಕಟಣೆ ಹೊರಡಿಸಬೇಕು. ಮತದಾರರ ಪಟ್ಟಿ, ವಯಸ್ಸು, ವಾಸಸ್ಥಳ, ಬಾಕಿ ತೆರಿಗೆ, ಅನರ್ಹತೆಯ ಕಾರಣಗಳು ಇವುಗಳ ಪರಿಶೀಲನೆಯನ್ನು ಅಧಿಕಾರಿಗಳು ಮಾಡಲಿ. ಸದಸ್ಯರು ಅದರಲ್ಲಿ ಕೈಹಾಕದಿರಲಿ.

ಸಂದರ್ಶನ

ಸಂದರ್ಶನ ಬಹಿರಂಗ ಸಭೆಯಲ್ಲಿ ನಡೆಯಬೇಕು. ವಾಷಿಂಗ್ಟನ್ ರಾಜ್ಯದ ಬಹಿರಂಗ ಸಭೆಗಳ ಕಾಯ್ದೆಯು ಅರ್ಜಿದಾರರ ಯೋಗ್ಯತೆಯನ್ನು ಸದಸ್ಯರು ತಮ್ಮೊಳಗೆ ಚರ್ಚಿಸಲು ಮುಚ್ಚಿದ ಸಭೆಗೆ ಅವಕಾಶ ಕೊಟ್ಟರೂ, ಸಂದರ್ಶನ ಮತ್ತು ಅಂತಿಮ ತೀರ್ಮಾನ ಎರಡೂ ಬಹಿರಂಗವಾಗಿಯೇ ಆಗಬೇಕೆನ್ನುತ್ತದೆ. ಅವಕಾಶವಿದ್ದ ಕಡೆಯೂ ಆ ಮುಚ್ಚಿದ ಚರ್ಚೆಯನ್ನು ಬಳಸದಿರುವುದೇ ಲೇಸು, ಏಕೆಂದರೆ ಒಳಗೆ ಹೋದ ಸದಸ್ಯರು ಹೊರಬಂದು ಒಂದೇ ಸುತ್ತಿನಲ್ಲಿ ಒಮ್ಮತದಿಂದ ಒಬ್ಬರನ್ನು ಆರಿಸಿದರೆ, ಒಳಗೆ ಬರೀ ಯೋಗ್ಯತೆಯ ಚರ್ಚೆ ನಡೆಯಿತೆಂದು ಯಾರೂ ನಂಬುವುದಿಲ್ಲ.

ಎಲ್ಲರಿಗೂ ಅವೇ ಪ್ರಶ್ನೆಗಳು, ಅಷ್ಟೇ ಕಾಲ. ಕರೆಯುವ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಒಬ್ಬರ ಸಂದರ್ಶನ ನಡೆಯುವಾಗ ಉಳಿದವರು ಹೊರಗಿರುವಂತೆ ವಿನಂತಿಸಬಹುದು, ಆದರೆ ಬಹಿರಂಗ ಸಭೆಯಿಂದ ಯಾರನ್ನೂ ಬಲವಂತವಾಗಿ ಕಳಿಸುವಂತಿಲ್ಲ. ಪ್ರಶ್ನೆಗಳನ್ನು ಎಲ್ಲರಿಗೂ ಮೊದಲೇ ಕೊಟ್ಟುಬಿಟ್ಟರೆ ಈ ತೊಡಕೇ ಇರುವುದಿಲ್ಲ. ಪ್ರಶ್ನೆಗಳು ಕೆಲಸದ ಸುತ್ತ ಇರಲಿ. ಕಳೆದ ಬಜೆಟ್ಟಿನಲ್ಲಿ ನೀವು ಬದಲಿಸಬಯಸುವ ಒಂದು ಬಾಬ್ತು ಯಾವುದು, ಅದಕ್ಕೆ ಹಣ ಎಲ್ಲಿಂದ? ನಿಮ್ಮ ಬೀದಿಯವರೇ ವಿರೋಧಿಸುವ, ಆದರೆ ಊರಿಗೆ ಬೇಕಾದ ಕಾಮಗಾರಿ ಸಭೆಯ ಮುಂದೆ ಬಂದರೆ ಹೇಗೆ ನಡೆದುಕೊಳ್ಳುತ್ತೀರಿ? ಯಾವ ವಿಷಯಗಳಲ್ಲಿ ಮತ ಹಾಕದೆ ದೂರ ಉಳಿಯಬೇಕಾಗಬಹುದು? ಇಂಥ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಮನುಷ್ಯರ ತೂಕ ಗೊತ್ತಾಗುತ್ತದೆ. ಧರ್ಮ, ಜಾತಿ, ವೈವಾಹಿಕ ಸ್ಥಿತಿ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬಂಥವಕ್ಕೆ ಇಲ್ಲಿ ಜಾಗವಿಲ್ಲ. ಇದೆಲ್ಲದರ ನಡುವೆ, ಸದಸ್ಯರು ಒಬ್ಬರಾದ ಮೇಲೆ ಒಬ್ಬರಿಗೆ ದೂರವಾಣಿ ಮಾಡಿ ಬೆಂಬಲ ಕೂಡಿಸುವುದು ಹಲವು ಕಾಯ್ದೆಗಳಡಿ ಅಕ್ರಮ ಸಭೆಯೇ ಆಗುತ್ತದೆ ಎಂಬುದನ್ನು ಕಾರ್ಯದರ್ಶಿ ಮೊದಲ ದಿನವೇ ಲಿಖಿತವಾಗಿ ತಿಳಿಸಿರಬೇಕು.

ಮತದಾನ

ನೇಮಕಗಳು ಹೆಚ್ಚಾಗಿ ಹಳಿ ತಪ್ಪುವುದು ಇಲ್ಲಿ. ಬೆಸ ಸಂಖ್ಯೆಯ ಸಂಸ್ಥೆಯಲ್ಲಿ ಒಂದು ಸ್ಥಾನ ತೆರವಾದೊಡನೆ ಸಮ ಸಂಖ್ಯೆ ಉಳಿಯುತ್ತದೆ; 7 ಜನರ ಪರಿಷತ್ತಿನಲ್ಲಿ 6 ಮಂದಿ ಮೂರು ಮೂರಾಗಿ ಒಡೆಯುವುದು ಅಸಹಜವೇನಲ್ಲ. ಬಹುಮತವೆಂದರೆ ಏನೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಒಟ್ಟು ಸ್ಥಾನಗಳ ಬಹುಮತ ಬೇಕಾದರೆ 4 ಮತ ಬೇಕು. ಹಾಜರಿದ್ದು ಮತ ಹಾಕಿದವರ ಬಹುಮತ ಸಾಕೆಂದಾದರೆ, ಒಬ್ಬರು ತಟಸ್ಥರಾದಾಗ 3ಕ್ಕೆ 2 ಬಂದರೂ ಆಯ್ಕೆ ಸಿಂಧು. ಅತಿ ಹೆಚ್ಚು ಮತ ಪಡೆದವರೇ ಗೆದ್ದರು ಎಂಬ ಸರಳ ನಿಯಮ ಈ ಸಂದರ್ಭಕ್ಕೆ ಒಗ್ಗುವುದಿಲ್ಲ, ಏಕೆಂದರೆ ಐವರು ಅರ್ಜಿದಾರರಿದ್ದಾಗ 2 ಮತ ಪಡೆದವರೂ ಗೆಲ್ಲಬಹುದು.

ಹೆಚ್ಚು ನಂಬಿಕೆಗೆ ಅರ್ಹವಾದದ್ದು ಸುತ್ತು ಸುತ್ತಾಗಿ ಕೊನೆಯವರನ್ನು ಕೈಬಿಡುವ ವಿಧಾನ. ಒಂದು ಉದಾಹರಣೆ ನೋಡೋಣ. ಮೊದಲ ಸುತ್ತಿನಲ್ಲಿ ಕ ಅವರಿಗೆ 3, ಖ ಅವರಿಗೆ 2, ಗ ಅವರಿಗೆ 1 ಮತ ಬಂದರೆ ಗ ಅವರನ್ನು ಬಿಟ್ಟು ಎರಡನೇ ಸುತ್ತು ನಡೆಯುತ್ತದೆ. ಅಲ್ಲಿ 4ಕ್ಕೆ 2 ಬಂದರೆ ಮುಗಿಯಿತು. 3ಕ್ಕೆ 3 ಬಂದರೆ ಕಟ್ಟಿಹೋಯಿತು. ಈ ಕಟ್ಟನ್ನು ಬಿಡಿಸುವ ನಿಯಮ ಮೊದಲ ಠರಾವಿನಲ್ಲೇ ಇರಬೇಕು. ಸ್ವಲ್ಪ ವಿರಾಮದ ನಂತರ ಇನ್ನೊಂದು ಸುತ್ತು, ಆಗಲೂ ಸಮಬಲವಾದರೆ ಅಧ್ಯಕ್ಷರ ನಿರ್ಣಾಯಕ ಮತ, ಚೀಟಿ ಎತ್ತುವುದು ಅಥವಾ ಚುನಾವಣೆ, ಇವುಗಳಲ್ಲಿ ಕಾಯ್ದೆ ಯಾವುದಕ್ಕೆ ಅವಕಾಶ ಕೊಡುತ್ತದೆಯೋ ಅದು. ಇಂಗ್ಲೆಂಡಿನಲ್ಲಿ ಸಭೆಯ ಅಧ್ಯಕ್ಷರಿಗೆ ನಿರ್ಣಾಯಕ ಮತ ಕಾಯ್ದೆಯಿಂದಲೇ ಬಂದಿದೆ. ಬೇರೆ ಹಲವೆಡೆ ಇಲ್ಲ. ಒಬ್ಬರೇ ಎರಡು ಮತ ಹಾಕಿ ಮತದಾರರ ಪ್ರತಿನಿಧಿಯನ್ನು ತೀರ್ಮಾನಿಸುವುದಕ್ಕಿಂತ ಚೀಟಿ ಎತ್ತುವುದೇ ಮೇಲೆಂದು ನನಗೆ ತೋರುತ್ತದೆ: ಅದೃಷ್ಟಕ್ಕೆ ಪಕ್ಷವಿಲ್ಲ.

ಅಂಕ ಕೊಟ್ಟು ಕೂಡಿಸುವ ವಿಧಾನ ಶಿಸ್ತಿನದ್ದೆಂದು ಕಂಡು ಹಲವರನ್ನು ಸೆಳೆಯುತ್ತದೆ, ಆದರೆ ಅದರಲ್ಲಿ ದೊಡ್ಡದೊಂದು ರಂಧ್ರವಿದೆ. ಆರು ಸದಸ್ಯರು 10ರ ಮೇಲೆ ಅಂಕ ಕೊಡುತ್ತಾರೆನ್ನೋಣ. ಐವರು ಕ ಅವರಿಗೆ 8, ಖ ಅವರಿಗೆ 7 ಕೊಟ್ಟರೆ ಕ ಅವರಿಗೆ 40, ಖ ಅವರಿಗೆ 35. ಆರನೆಯವರು ಬೇಕೆಂದೇ ಕ ಅವರಿಗೆ 1, ಖ ಅವರಿಗೆ 10 ಕೊಟ್ಟರೆ ಮೊತ್ತ 41ಕ್ಕೆ 45 ಆಗುತ್ತದೆ. ಐವರು ಬಯಸಿದವರು ಸೋತು, ಒಬ್ಬರು ಬಯಸಿದವರು ಗೆದ್ದರು. ಅರ್ಜಿಗಳು ಇಪ್ಪತ್ತಿದ್ದಾಗ ಅವನ್ನು ಐದಕ್ಕೆ ಇಳಿಸಲು ಅಂಕಗಳನ್ನು ಬಳಸಬಹುದು, ಅದೂ ಪ್ರತಿ ಸದಸ್ಯರ ಅಂಕಪಟ್ಟಿ ಸಾರ್ವಜನಿಕವಾಗುವ ಷರತ್ತಿನ ಮೇಲೆ. ಅಂತಿಮ ಆಯ್ಕೆ ಮತದಿಂದಲೇ ಆಗಬೇಕು.

ಮತ ಗುಪ್ತವಾಗಿರಬಾರದು. ಸಾರ್ವತ್ರಿಕ ಚುನಾವಣೆಯಲ್ಲಿ ಮತದಾರರ ಮತ ಗುಪ್ತವಾಗಿರುವುದು ಅವರು ಯಾರಿಗೂ ಉತ್ತರ ಹೇಳಬೇಕಾಗಿಲ್ಲದ್ದರಿಂದ. ಸದಸ್ಯರು ಉತ್ತರ ಹೇಳಲೇಬೇಕಾದವರು. ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಬಂದ ಬ್ರೌನ್ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಗುಪ್ತ ಮತದಾನದಿಂದ ಯಾವ ತೀರ್ಮಾನವನ್ನೂ ಕೈಗೊಳ್ಳುವಂತಿಲ್ಲ. ಚೀಟಿಯಲ್ಲಿ ಬರೆದು ಮತ ಹಾಕಿದರೂ ಪ್ರತಿ ಚೀಟಿಯ ಮೇಲೆ ಸದಸ್ಯರ ಹೆಸರು ಮತ್ತು ಸಹಿ ಇರಬೇಕು, ಕಾರ್ಯದರ್ಶಿ ಅವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಹಾಗೆ ಮಾಡಿದಾಗ ಎಲ್ಲರೂ ಒಮ್ಮೆಗೇ ಬರೆಯುವುದರಿಂದ, ಮೊದಲು ಹೇಳಿದವರ ಮತ ನೋಡಿಕೊಂಡು ಉಳಿದವರು ಹೊರಳುವುದೂ ತಪ್ಪುತ್ತದೆ.

ಅರ್ಜಿದಾರರ ಬಂಧುಗಳೋ ವ್ಯವಹಾರದ ಪಾಲುದಾರರೋ ಆದ ಸದಸ್ಯರು ಆ ಒಬ್ಬ ಅರ್ಜಿದಾರರ ಪ್ರಸಂಗದಿಂದ ಮಾತ್ರವಲ್ಲ, ಇಡೀ ಆಯ್ಕೆಯಿಂದಲೇ ದೂರವಿರಬೇಕು. ಪ್ರತಿಸ್ಪರ್ಧಿಯನ್ನು ತಳ್ಳಿಹಾಕುವ ಮತವೂ ತಮ್ಮವರ ಪರವಾದ ಮತವೇ. ಸ್ಥಾನ ಬಿಟ್ಟುಹೋಗುತ್ತಿರುವವರಿಗೆ, ಕಾಯ್ದೆ ಸ್ಪಷ್ಟವಾಗಿ ಅನುಮತಿಸದ ಹೊರತು, ತಮ್ಮ ಉತ್ತರಾಧಿಕಾರಿಯ ಆಯ್ಕೆಯಲ್ಲಿ ಪಾತ್ರವಿರಬಾರದು.

ನೇಮಕದ ನಂತರ

ಆಯ್ಕೆಯಾದವರು ಪ್ರಮಾಣವಚನ ಸ್ವೀಕರಿಸುವವರೆಗೆ ಸದಸ್ಯರಲ್ಲ, ಅಷ್ಟರೊಳಗೆ ಯಾವ ಮತವನ್ನೂ ಹಾಕುವಂತಿಲ್ಲ. ಆಸ್ತಿ ಮತ್ತು ಹಿತಾಸಕ್ತಿಯ ಘೋಷಣೆಯ ಗಡುವು ಅವರಿಗೂ ಅನ್ವಯಿಸುತ್ತದೆ. ಸ್ಥಾನ ಬಿಟ್ಟವರು ಉಪಾಧ್ಯಕ್ಷರೋ ಸ್ಥಾಯಿ ಸಮಿತಿಯ ಅಧ್ಯಕ್ಷರೋ ಆಗಿದ್ದರೆ ಆ ಹುದ್ದೆಗಳು ಹೊಸಬರಿಗೆ ತಾವಾಗಿಯೇ ಬರುವುದಿಲ್ಲ. ಅವಕ್ಕೆ ಪ್ರತ್ಯೇಕ ಆಯ್ಕೆ ಬೇಕು. ಬಾಕಿ ಇರುವ ಕಡತಗಳು, ನಡೆಯುತ್ತಿರುವ ಮೊಕದ್ದಮೆಗಳು, ಬಜೆಟ್ ಮತ್ತು ವಾರ್ಡಿನ ಅಹವಾಲುಗಳ ಪಟ್ಟಿಯನ್ನು ಮೊದಲ ವಾರದಲ್ಲೇ ಕೊಡಬೇಕು, ಏಕೆಂದರೆ ಆರು ತಿಂಗಳಿಗೆ ಬಂದವರಿಗೆ ಕಲಿಯಲು ಆರು ತಿಂಗಳು ಕೊಡಲಾಗದು.

ಆಯ್ಕೆಯನ್ನು ಪ್ರಶ್ನಿಸುವ ದೂರು ಬರುವ ಸಾಧ್ಯತೆ ಯಾವಾಗಲೂ ಇರುತ್ತದೆ. ತೆರವಿನ ದಿನಾಂಕದ ಠರಾವು, ಪ್ರಕಟಣೆಯ ಪ್ರತಿ ಮತ್ತು ಅದನ್ನು ಅಂಟಿಸಿದ ದಿನ, ಬಂದ ಎಲ್ಲ ಅರ್ಜಿಗಳು, ಅರ್ಹತಾ ಪರಿಶೀಲನೆಯ ಟಿಪ್ಪಣಿ, ಪ್ರತಿ ಸುತ್ತಿನ ಮತಗಳು, ದೂರ ಉಳಿದವರು ಕೊಟ್ಟ ಕಾರಣ, ಇವೆಲ್ಲ ಒಂದೇ ಕಡತದಲ್ಲಿರಲಿ. ಆಯ್ಕೆಯಾಗದ ಅರ್ಜಿದಾರರಿಗೆ ಫಲಿತಾಂಶವನ್ನು ಪತ್ರಿಕೆಯ ಮೂಲಕ ತಿಳಿಯುವಂತೆ ಮಾಡದೆ ಮರುದಿನವೇ ಪತ್ರ ಬರೆಯಬೇಕು. ಸಮಿತಿಗಳಲ್ಲಿ ಕೆಲಸ ಮಾಡಲು ಇಚ್ಛೆಯಿದೆಯೇ ಎಂದು ಅದರಲ್ಲೇ ಕೇಳಿದರೆ ಒಳ್ಳೆಯ ಜನ ಕೈತಪ್ಪುವುದಿಲ್ಲ.

ನೇಮಕದ ಆದೇಶದಲ್ಲಿ ಅವಧಿ ಮುಗಿಯುವ ದಿನ ಅಥವಾ ಘಟನೆಯನ್ನು ಸ್ಪಷ್ಟವಾಗಿ ನಮೂದಿಸಬೇಕು. ಮೂಲ ಅವಧಿಯ ಕೊನೆಯವರೆಗೂ ಇರುವರೋ, ಮುಂದಿನ ನಿಗದಿತ ಚುನಾವಣೆಯವರೆಗೆ ಮಾತ್ರವೋ, ಆ ಚುನಾವಣೆಯಲ್ಲಿ ಗೆದ್ದವರು ಪ್ರಮಾಣವಚನ ಸ್ವೀಕರಿಸುವ ದಿನದವರೆಗೋ ಎಂಬುದು ಒಂದೊಂದು ಕಾಯ್ದೆಯಲ್ಲಿ ಒಂದೊಂದು ರೀತಿ ಇರುತ್ತದೆ. ಅದನ್ನು ಚುನಾವಣಾ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಆ ಸ್ಥಾನವನ್ನು ಮುಂದಿನ ಚುನಾವಣೆಯ ಅಧಿಸೂಚನೆಯಲ್ಲಿ ಸೇರಿಸಲಾಗುವುದೆಂಬ ಉತ್ತರವನ್ನು ತರಿಸಿಕೊಂಡು ಕಡತಕ್ಕೆ ಸೇರಿಸಿದಾಗ ಕಾರ್ಯದರ್ಶಿಯ ಕೆಲಸ ಮುಗಿಯುತ್ತದೆ.